ಬಸವಕುಮಾರನ ತಲೆಗೆ ಚಾ ಏರಿದ ದಿನ

ಕಂಪ್ಲಿಯ ಬಸವಕುಮಾರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಅವನ ಬಗ್ಗೆ ಬರುವ ಸಂಗತಿಗಳನ್ನು ಕೇಳಿ ನೀವು ಬೇರೆ ಏನಾದರೂ ತಿಳಿದುಕೊಂಡೀರಿ. ಅವನಿಗೆ ಇಲ್ಲದ್ದು ಒಂದೇ, ಗಮನ. ಎದುರಿಗೆ ಕೂತವರು ಮಾತಾಡುತ್ತಿದ್ದರೆ ಅವನ ಕಣ್ಣು ಅವರ ಮೇಲೇ ಇರುತ್ತಿತ್ತು, ತಲೆ ತೂಗುತ್ತಿತ್ತು, ಸರಿಯಾದ ಜಾಗದಲ್ಲಿ "ಹೂಂ" ಎಂಬ ಸದ್ದೂ ಬರುತ್ತಿತ್ತು. ಒಳಗೆ ಮಾತ್ರ ಯಾರೂ ಇರುತ್ತಿರಲಿಲ್ಲ. ಅಪ್ಪ ಬಿಟ್ಟುಹೋದ ಅಕ್ಕಿ ಗಿರಣಿ ಅವನದು. ಸೋನಾ ಮಸೂರಿ ಕೇಳಿದವರಿಗೆ ನುಚ್ಚು ಕಳಿಸುವನು, ನುಚ್ಚು ಕೇಳಿದವರಿಗೆ ತೌಡು ಕಳಿಸುವನು, ತೌಡು ಕೇಳಿದವರಿಗೆ ಫೋನ್ ಮಾಡಿ "ನೀವು ಏನ್ ಕೇಳಿದ್ರಿ?" ಎನ್ನುವನು. ಆದರೂ ಗಿರಣಿ ನಡೆಯುತ್ತಿದ್ದದ್ದು ಅವನ ತಾಯಿ ಪಂಪಮ್ಮನ ಗಂಟಲಿನ ಬಲದಿಂದ.

ಇಂಥವನಿಗೆ ಸಂಡೂರಿನ ಹುಡುಗಿ ಗೊತ್ತಾದಳು. ಹೆಸರು ಗಂಗಾಂಬಿಕಾ, ಬಂಡ್ರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವ ಟೀಚರ್. ನಿಶ್ಚಯವಾದ ಮೇಲೆ ದಿನಾ ಸಂಜೆ ಅವಳ ಫೋನ್ ಬರುತ್ತಿತ್ತು. ಅವಳು ಮಾತಾಡುವಳು, ಇವನು ಗಿರಣಿ ಕಟ್ಟೆಯ ಮೇಲೆ ಕೂತು ಹೂಂ ಎನ್ನುವನು. ಪಂಪಮ್ಮನಿಗೆ ಸಂತೋಷವೋ ಸಂತೋಷ. ಮಗ ಇಷ್ಟು ಹೊತ್ತು ಎಚ್ಚರವಾಗಿದ್ದದ್ದನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ.

ಪರವೂರಿನ ನೆಂಟರಿಗೆ ಲಗ್ನಪತ್ರಿಕೆ ಹಂಚಲು ಹೊರಡಬೇಕಿದ್ದ ದಿನ ಬೆಳಿಗ್ಗೆಯೇ ಫೋನ್ ಬಂತು. ಬಸವಕುಮಾರ ಅಂಗಿಗೆ ಗುಂಡಿ ಹಾಕುತ್ತಿದ್ದನಾದ್ದರಿಂದ ಅದನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟಿದ್ದ.

"ಇವತ್ತು ಸಂಜಿ ನಮ್ಮ ಮನಿಗೆ ಬರ್ತೀರಲ್ಲ, ಅವಾಗ ನಿಮ್ಮನ್ನ ಒಂದು ಮಾತು ಕೇಳ್ತೀನಿ," ಎಂದಳು ಗಂಗಾಂಬಿಕಾ. "ಸುಮ್ನ ಹೂಂ ಅಂದ್ರ ನಡಿಯಂಗಿಲ್ಲ. ಸರಿಯಾಗಿ ಕೇಳಿಸ್ಕೊಂಡು ಉತ್ತರ ಕೊಡ್ಬೇಕು. ಕೊಡ್ಲಿಲ್ಲಂದ್ರ ಉಳಿದ ಪತ್ರಿಕಿ ಹಂಚೋದು ಬ್ಯಾಡ, ಮದುವಿ ಅಲ್ಲಿಗೇ ಬಿಟ್ಟುಬಿಡೋಣು. ಕೇಳಿಸ್ತಾ?"

"ಹೂಂ," ಎಂದ ಬಸವಕುಮಾರ, ಮೂರನೆಯ ಗುಂಡಿಯನ್ನು ನಾಲ್ಕನೆಯ ಕಾಜಕ್ಕೆ ಸೇರಿಸುತ್ತ.

ಪತ್ರಿಕೆಗಳಿಗೆ ಅರಿಶಿನ ಹಚ್ಚುತ್ತಿದ್ದ ಪಂಪಮ್ಮನ ಕೈ ಅಲ್ಲೇ ನಿಂತುಹೋಯಿತು. "ಲೇ, ಆಕಿ ಏನಂದ್ಲು?"

"ಯಾರು?"

ಪಂಪಮ್ಮ ಹಣೆ ಬಡಿದುಕೊಂಡಳು. ಹಣೆಯೆಲ್ಲ ಅರಿಶಿನವಾಯಿತು. ಆಮೇಲೆ ಮಗನ ಎರಡೂ ಕೆನ್ನೆ ಹಿಡಿದು, ಫೋನಿನಲ್ಲಿ ಬಂದ ಮಾತನ್ನು ಒಂದಕ್ಷರ ಬಿಡದೆ ಎರಡು ಸಲ ಹೇಳಿದಳು. ಎರಡನೆಯ ಸಲಕ್ಕೆ ಅದು ಅವನ ತಲೆಗೆ ಹೋಯಿತು. ಬಸವಕುಮಾರ ಗುಂಡಿ ಹಾಕುವುದನ್ನು ಬಿಟ್ಟ. ಗಂಗಾಂಬಿಕಾ ಎಂದರೆ ಅವನಿಗೆ ನಿಜಕ್ಕೂ ಇಷ್ಟ. ಅವಳ ದನಿ ಕಿವಿಗೆ ಬಿದ್ದರೆ ಸಾಕು, ಒಳಗೆಲ್ಲ ಹಿತವಾಗಿಬಿಡುತ್ತಿತ್ತು. ಆ ಹಿತದಲ್ಲಿ ಅವಳು ಏನು ಹೇಳಿದಳೆಂಬುದು ಮಾತ್ರ ಒಂದು ದಿನವೂ ತಿಳಿದಿರಲಿಲ್ಲ.

"ಮೂರು ತಿಂಗಳಿಂದ ಆಕಿ ಏನೇನು ಮಾತಾಡ್ಯಾಳೋ?" ಎಂದು ಪಂಪಮ್ಮ ಕೇಳಿದಳು.

"ಭಾಳ ಮಾತಾಡ್ಯಾಳವ್ವ," ಎಂದ ಅವನು ಪ್ರಾಮಾಣಿಕವಾಗಿ.

ಪತ್ರಿಕೆ ಹಂಚಲು ಜೊತೆಗೆ ಬರುವವನು ಗೆಳೆಯ ಹುಲುಗೇಶ್. ಕುರೆಕುಪ್ಪದವನು, ಅಲ್ಲೇ ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾನೆ. ರಜೆ ಹಾಕಿ ಬೈಕು ತಂದಿದ್ದ. ಸಮಸ್ಯೆಯನ್ನು ಕೇಳಿ ಅವನು ಕಾರ್ಖಾನೆಯ ಡಾಕ್ಟರರಂತೆ ಗಂಭೀರನಾದ.

"ಅತ್ತಿ, ಇದಕ್ಕ ಔಷಧ ಅಂದ್ರ ಚಾ. ನಮ್ಮ ಶಿಫ್ಟಿನ್ಯಾಗ ಕಣ್ಣು ಎಳ್ಯಾಕತ್ತಿದ್ರ ಒಂದು ಗ್ಲಾಸ್ ಖಡಕ್ ಚಾ ಹೊಡೀತೀವಿ. ಕೆಫೀನು! ಸೀದಾ ತಲಿಗೆ ಹೋಗಿ ಲೈಟ್ ಹಾಕ್ತೈತಿ."

ಪಂಪಮ್ಮನಿಗೆ ಆ ಕ್ಷಣಕ್ಕೆ ಎಲ್ಲವೂ ಹೊಳೆದುಬಿಟ್ಟಿತು. ಬಸವಕುಮಾರ ಚಾ ಕುಡಿಯುತ್ತಿರಲಿಲ್ಲ. ಚಿಕ್ಕವನಿದ್ದಾಗ ಯಾರದೋ ಮದುವೆಯಲ್ಲಿ ಒಂದು ಲೋಟ ಕುಡಿದು, ಬೆಳಗಾಗುವ ತನಕ ಮಲಗದೆ ಜಂತಿ ಎಣಿಸಿದ್ದನಂತೆ. ಅಂದಿನಿಂದ ಅಜ್ಜಿ ಅವನಿಗೆ ಮಜ್ಜಿಗೆಯನ್ನೇ ಗೊತ್ತುಮಾಡಿದ್ದಳು. ಅಜ್ಜಿ ಹೋದಳು, ಮಜ್ಜಿಗೆ ಉಳಿಯಿತು. ಲೋಕವೆಲ್ಲ ಚಾ ಕುಡಿದು ಕಣ್ಣು ಬಿಡುತ್ತದೆ, ಇವನು ಇನ್ನೂ ಎದ್ದೇ ಇಲ್ಲ!

ನಮ್ಮ ಕಡೆ ಲಗ್ನಪತ್ರಿಕೆ ಕೊಡಲು ಬಂದವರು ಚಾ ಕುಡಿಯದೆ ಎದ್ದರೆ ಆ ಮನೆಗೆ ಅವಮಾನ. ಹೊಟ್ಟೆ ಸರಿಯಿಲ್ಲ ಎನ್ನಿ, ಈಗ ತಾನೇ ಆಯಿತು ಎನ್ನಿ, ಡಾಕ್ಟರು ಬೇಡ ಅಂದಿದ್ದಾರೆ ಎನ್ನಿ, "ಅರ್ಧ ಕಪ್ಪು" ಎಂದು ತುಂಬಿದ ಕಪ್ಪು ಬಂದೇ ಬರುತ್ತದೆ. ಹಿಂದಿನ ವಾರ ಊರೊಳಗೆ ಹಂಚುವಾಗ ಬಸವಕುಮಾರನ ಪಾಲನ್ನೂ ಹುಲುಗೇಶನೇ ಕದ್ದು ಕುಡಿದಿದ್ದ. "ಇವತ್ತು ನಿನ್ನ ಪಾಲಿಂದು ನೀನಽ ಕುಡೀಬೇಕು. ಒಂದು ಮನೀನೂ ಬಿಡಬಾರದು," ಎಂದು ಪಂಪಮ್ಮ ಅಪ್ಪಣೆ ಕೊಟ್ಟಳು. ನೆಂಟರು ಎಷ್ಟಿದ್ದಾರೆಂದು ಆ ಹೊತ್ತಿನಲ್ಲಿ ಯಾರೂ ಯೋಚಿಸಲಿಲ್ಲ.

ಕಂಪ್ಲಿಯಲ್ಲಿ ಉಳಿದಿದ್ದ ಒಂದೇ ಮನೆ ಅಕ್ಕಿ ವ್ಯಾಪಾರಿ ಹನುಮಣ್ಣನದು. ಅಲ್ಲಿ ಬಸವಕುಮಾರ ಜೀವಮಾನದ ಎರಡನೆಯ ಚಾ ಕುಡಿದ. ಮೊದಲು ಏನೂ ಆಗಲಿಲ್ಲ. ಹನುಮಣ್ಣ ಭತ್ತದ ದರದ ಬಗ್ಗೆ ಮಾತಾಡಿದ, ಇವನು ಹೂಂ ಎಂದ. ಸ್ವಲ್ಪ ಹೊತ್ತಿಗೆ ಕಿವಿಯ ಹಿಂದೆ ಯಾರೋ ಬಾಗಿಲು ತೆಗೆದಂತಾಯಿತು. ಬಸವಕುಮಾರ ನೆಟ್ಟಗೆ ಕೂತ. ಎದುರಿನ ಗೋಡೆ ಇಷ್ಟು ಸ್ಪಷ್ಟವಾಗಿ ಯಾವಾಗಿನಿಂದ ಇದೆ?

"ಹನುಮಣ್ಣಾರ, ಆ ಕ್ಯಾಲೆಂಡರ್ ಹೋದ ವರ್ಷದ್ದು," ಎಂದ.

ಹನುಮಣ್ಣ ತಿರುಗಿ ನೋಡಿದ. ಕನ್ನಡಕ ಹಾಕಿಕೊಂಡು ಎದ್ದುಹೋಗಿ ನೋಡಿದ. "ಅಯ್ಯ! ಅದಕ್ಕಽ ಮೊನ್ನೆ ಅಂಗಡಿ ಅಮಾಸಿ ಪೂಜಿ ಮಾಡಿದಾಗ ಮ್ಯಾಲೆ ಚಂದ್ರ ಇದ್ದ!" ಎಂದ. ತನಗೂ ಆಗಲೇ ಅನುಮಾನ ಬಂದಿತ್ತು ಎಂದು ಅವನ ಹೆಂಡತಿ ಒಳಗಿನಿಂದ ಕೂಗಿದಳು. ಅವರಿಬ್ಬರೂ ಆ ವಿಷಯವನ್ನು ವಿಚಾರಿಸಿಕೊಳ್ಳುತ್ತಿರುವಾಗ ಗೆಳೆಯರು ಹೊರಬಿದ್ದರು. ಹುಲುಗೇಶ್ ಬೈಕು ಒದೆಯುತ್ತ, "ನೋಡ್ದೆ? ಲೈಟ್ ಹತ್ತಿತು!" ಎಂದು ಬೀಗಿದ.

ಕಮಲಾಪುರದಲ್ಲಿ ಎರಡು ಮನೆ, ಎರಡು ಚಾ. ಹೊಸಪೇಟೆಗೆ ಬಂದ ಮೇಲೆ ಬೀದಿಗೊಂದು ನೆಂಟಸ್ತನ. ಶುಂಠಿ ಚಾ, ಏಲಕ್ಕಿ ಚಾ, ಸಕ್ಕರೆ ಮರೆತ ಚಾ, ಮರೆತದ್ದು ನೆನಪಾಗಿ ಎರಡು ಸಲ ಹಾಕಿದ ಚಾ. ಬಸವಕುಮಾರ ಎಲ್ಲವನ್ನೂ ಕುಡಿದ, ಎಲ್ಲವನ್ನೂ ನೋಡಿದ. ಒಬ್ಬರ ಫ್ಯಾನಿನ ಒಂದು ರೆಕ್ಕೆ ಬೇರೆ ಫ್ಯಾನಿನದು. ಇನ್ನೊಬ್ಬರ ಮೀಸೆಗೆ ಬಣ್ಣ ಹಚ್ಚುವಾಗ ಎಡಗಡೆ ಬಾಕಿ ಉಳಿದಿದೆ. ಕಂಡದ್ದನ್ನು ಕಂಡ ಹಾಗೆ ಹೇಳಿಯೂ ಬಿಟ್ಟ. ಅಷ್ಟು ವರ್ಷ ಒಳಗೇ ಇಲ್ಲದಿದ್ದವನಿಗೆ, ಕಂಡದ್ದನ್ನೆಲ್ಲ ಹೇಳಬಾರದೆಂಬ ಬುದ್ಧಿ ಎಲ್ಲಿಂದ ಬರಬೇಕು?

ದೊಡ್ಡ ಅನಾಹುತ ಆದದ್ದು ಸೋದರತ್ತೆಯ ಮನೆಯಲ್ಲಿ. ಸೋದರತ್ತೆ ಸಡಗರದಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಾ ತಂದಿಟ್ಟು, ಮಗಳ ಮದುವೆಗೆ ಬಂದ ಪಾತ್ರೆಗಳನ್ನು ಶೋಕೇಸಿನಲ್ಲಿ ಜೋಡಿಸಿದ್ದನ್ನು ತೋರಿಸಿದಳು. "ನಿಮ್ಮವ್ವ ಕೊಟ್ಟಿದ್ದು ಆ ದೊಡ್ಡ ಸ್ಟೀಲ್ ಡಬರಿ. ಆಕಿ ಕೈ ದೊಡ್ಡದು," ಎಂದಳು. ಕೊಡುವ ಪಾತ್ರೆಯ ಮೇಲೆ ಹೆಸರು ಹೊಡೆಸುವುದು ನಮ್ಮಲ್ಲಿ ವಾಡಿಕೆ. ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಕೊರೆದುಕೊಡುತ್ತಾನೆ. ಅದನ್ನು ಓದುವ ವಾಡಿಕೆ ಮಾತ್ರ ಯಾರಿಗೂ ಇಲ್ಲ. ಬಸವಕುಮಾರ ಗಾಜಿಗೆ ಮೂಗು ಹಚ್ಚಿದ.

"ಅತ್ತಿ, ಇದರ ಮ್ಯಾಲೆ ಕೊಟ್ಟೋರ ಹೆಸರು ನಮ್ಮದಿಲ್ಲಲ್ಲ. 'ಪಂಪಮ್ಮನವರ ಗೃಹಪ್ರವೇಶಕ್ಕೆ ಲಿಂಗರಾಜ್ ಮತ್ತು ಕುಟುಂಬ' ಅಂತೈತಿ."

ಹುಲುಗೇಶ್ ಮಿರ್ಚಿಯನ್ನು ಇಡಿಯಾಗಿ ನುಂಗಿದ. ಸೋದರತ್ತೆ ಕನ್ನಡಕ ಹುಡುಕಿದಳು. ತನ್ನ ಮನೆಗೆ ಯಾರೋ ಕೊಟ್ಟ ಡಬರಿಯನ್ನು ಪಂಪಮ್ಮ ಹಾಗೇ ಎತ್ತಿ ನಾದಿನಿಯ ಮನೆಗೆ ದಾಟಿಸಿದ್ದು ಬಯಲಾಗಲು ಐದು ವರ್ಷ ಹಿಡಿದಿತ್ತು, ಆದದ್ದು ಸ್ವಂತ ಮಗನ ಬಾಯಿಂದ. ಬಸವಕುಮಾರ ಅಲ್ಲಿಗೂ ನಿಲ್ಲಿಸಲಿಲ್ಲ. ಪಕ್ಕದ ಹಂಡೆಯನ್ನು ತೋರಿಸಿ, "ಇದೂ ನಿಮಗ ಬಂದಿದ್ದಲ್ಲ. ನೀವು ನಮ್ಮ ಸೋದರಮಾವನ ಮಗನ ಮದುವಿಗೆ ಕೊಟ್ಟಿದ್ದು. ವಾಪಸ್ ಬಂದೈತಿ!" ಎಂದ. ಸೋದರತ್ತೆ ಶೋಕೇಸಿಗೆ ಬೆನ್ನು ಕೊಟ್ಟು ನಿಂತಳು. "ಚಾ ಆರ್ತೈತಿ, ಕುಡಿ," ಎಂದಳು. ಅವನು ಅದನ್ನೂ ಕುಡಿದ.

ಬೀದಿಗೆ ಬಂದ ಮೇಲೆ ಹುಲುಗೇಶ್ ಅವನ ಅಂಗಿ ಹಿಡಿದು ನಿಲ್ಲಿಸಿದ. "ಲೇ, ಇನ್ನ ಸಾಕು. ಚಾ ಕಣ್ಣು ತೆರಸ್ತೈತಿ ಖರೆ, ಎತ್ಲಾಗ ನೋಡಬೇಕು ಅಂತ ಹೇಳಂಗಿಲ್ಲ. ಒಮ್ಮೆ ನಾನು ಶಿಫ್ಟಿನ್ಯಾಗ ಆರು ಗ್ಲಾಸ್ ಕುಡದು ಒಂದು ನಟ್ಟು ಬೋಲ್ಟು ನೋಡ್ಕೋಂತ ಕುಂತಿದ್ದೆ. ಭಾಳ ಚಂದ ನೋಡಿದೆ. ಕ್ರೇನ್ ಎತ್ತೋದಽ ಮರ್ತಿದ್ದೆ."

"ನಿನ್ನ ಬೈಕಿನ ಹಿಂದಿನ ಗಾಲಿಗೆ ಒಂದು ಕಡ್ಡಿ ಕಡಿಮಿ ಐತಿ," ಎಂದ ಬಸವಕುಮಾರ.

ಕುರೆಕುಪ್ಪದಲ್ಲಿ ಹುಲುಗೇಶನ ಮನೆಗೇ ಒಂದು ಪತ್ರಿಕೆ ಇತ್ತು. ಅವನ ತಾಯಿ ಪಕೀರಮ್ಮನ ಚಾ ಊರಿಗೆಲ್ಲ ಹೆಸರಾದದ್ದು. ಬೆಲ್ಲ ಹಾಕಿ, ಹಾಲು ಹಾಕದೆ, ಬೆಳಿಗ್ಗೆ ಒಲೆಗೇರಿಸಿದ್ದು ಸಂಜೆಯ ತನಕ ಕುದಿಯುತ್ತಲೇ ಇರುತ್ತದೆ. ಶಿಫ್ಟಿಗೆ ಹೋಗುವ ಗಟ್ಟಿ ಆಳುಗಳೇ ಅದನ್ನು ಗುಟುಕಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮಗ ಹಿಂದಿನಿಂದ ಕೈಸನ್ನೆ ಮಾಡಿದರೂ ಪಕೀರಮ್ಮ ಬಿಡಲಿಲ್ಲ. "ಮದುಮಗ ನಮ್ಮ ಮನ್ಯಾಗ ಬಾಯಿ ಒಣಗಿಸ್ಕೊಂಡು ಹೋಗೋದಾ? ಕುಂದ್ರಪ್ಪ," ಎಂದು ದೊಡ್ಡ ಲೋಟವನ್ನೇ ಕೊಟ್ಟಳು.

ಇದು ಬೇರೆ ತರಹ ಏರಿತು. ಇದುವರೆಗೆ ಎಲ್ಲವೂ ಕಾಣುತ್ತಿತ್ತು, ಈಗ ಒಂದೇ ಕಾಣತೊಡಗಿತು. ಹೊಸ್ತಿಲ ಹತ್ತಿರ ಒಂದು ಇರುವೆ ಮಂಡಕ್ಕಿಯ ಕಾಳೊಂದನ್ನು ಎಳೆದುಕೊಂಡು ಗೋಡೆಯ ಬಿರುಕಿನ ಕಡೆ ಹೊರಟಿತ್ತು. ಬಸವಕುಮಾರ ಮಂಡಿಯೂರಿ ಕೂತ. ಕಾಳು ಬಿರುಕಿಗಿಂತ ದಪ್ಪ, ಒಳಗೆ ಹೋಗದು. ಇರುವೆ ತಿರುಗಿಸಿ ನೋಡಿತು, ಬಿಟ್ಟು ಹೋಗಿ ಇನ್ನೊಂದನ್ನು ಕರೆತಂದಿತು. ಹುಲುಗೇಶ್ ತೋಳು ಹಿಡಿದು ಎಳೆದ.

"ಏಳೋ, ಸಂಡೂರಾಗ ನಿನ್ನ ಹುಡುಗಿ ಕಾಯಾಕತ್ತ್ಯಾಳ!"

"ತಡಿ, ಇವರು ಅದನ್ನ ಮುರೀತಾರೋ ಅಡ್ಡ ಮಾಡ್ತಾರೋ ನೋಡ್ಬೇಕು."

ಇರುವೆಗಳಿಗೇನು ಅವಸರ? ಕೊನೆಗೆ ಪಕೀರಮ್ಮನೇ ಆ ಕಾಳನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಬಸವಕುಮಾರನಿಗೆ ಕಣ್ಣಲ್ಲಿ ನೀರು ಬಂತು. ಸಂಡೂರಿನ ದಾರಿಯುದ್ದಕ್ಕೂ ಅವನು ಆ ಇರುವೆಗಳಿಗೆ ಆದ ಅನ್ಯಾಯದ ಬಗ್ಗೆಯೇ ಮಾತಾಡಿದ. ಹುಲುಗೇಶ್ ಗುಡ್ಡದ ತಿರುವುಗಳಲ್ಲಿ ಬೈಕನ್ನು ಓಲಿಸುತ್ತ, ಈ ಮದುವೆಯ ಕಥೆ ಮುಗಿಯಿತು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ. ಅದಿರು ಲಾರಿಗಳ ಕೆಂಪು ಧೂಳಿನಲ್ಲಿ ಇಬ್ಬರೂ ಮಿಂದಿದ್ದರು.

ಗಂಗಾಂಬಿಕಾಳ ತಂದೆ ಕೊಟ್ರಯ್ಯನವರು ಬಟ್ಟೆ ಅಂಗಡಿಯವರು, ಮರ್ಯಾದೆಯ ಮನುಷ್ಯ. ಅಳಿಯನಾಗುವವನು ಬಂದನೆಂದು ಚಾ ಬಿಟ್ಟು ವಿಶೇಷವಾಗಿ ಕಾಫಿ ಮಾಡಿಸಿದರು. ಹುಲುಗೇಶ್ "ಅಯ್ಯೋ" ಎಂದ. ಬಸವಕುಮಾರ ಕುಡಿದ. ಬಲಗಣ್ಣಿನ ರೆಪ್ಪೆ ತನ್ನಷ್ಟಕ್ಕೆ ತಾನೇ ಅದುರತೊಡಗಿತು.

ಗಂಗಾಂಬಿಕಾ ಅವನನ್ನು ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಕರೆದುಕೊಂಡು ಹೋಗಿ ಕಲ್ಲಿನ ಮೇಲೆ ಕೂರಿಸಿದಳು. ತಾನು ನಿಂತೇ ಇದ್ದಳು, ತರಗತಿಯಲ್ಲಿ ನಿಂತ ಹಾಗೆ. ಬಸವಕುಮಾರನ ಕಣ್ಣು ತಾನಾಗಿ ಗಿಡದ ಬುಡದ ಕಡೆ ಜಾರಿತು. ಅಲ್ಲೂ ಇರುವೆಗಳಿದ್ದವು. ಅವನು ಹಲ್ಲು ಕಚ್ಚಿ ಕಣ್ಣನ್ನು ಎಳೆದುತಂದು ಅವಳ ಮುಖದ ಮೇಲಿಟ್ಟ. ಆ ಇಡೀ ದಿನದಲ್ಲಿ ಚಾ ಮಾಡದೆ ಅವನೇ ಮಾಡಿದ ಕೆಲಸ ಅದೊಂದು. ಕಷ್ಟದ ಕೆಲಸ.

"ಒಂದಽ ಪ್ರಶ್ನಿ," ಎಂದಳು ಅವಳು. "ಮೂರು ತಿಂಗಳಿಂದ ನಾನು ಕೇಳಿದ್ದಕ್ಕೆಲ್ಲ ಹೂಂ ಅಂದೀರಿ. ಅದೆಲ್ಲ ಖರೇನಽ ಒಪ್ಪಿಗಿ ಐತಾ?"

ಒಂದು "ಹೂಂ" ಅವನ ಗಂಟಲ ತನಕ ಬಂತು. ಅವನು ಅದನ್ನು ನುಂಗಿಕೊಂಡ. "ನಾ ಒಂದೂ ಕೇಳಿಸ್ಕೊಂಡಿಲ್ಲ," ಎಂದ. "ನಿನ್ನ ದನಿ ಕೇಳಿದ್ರ ನನಗ ಹಿತ ಆಗ್ತಿತ್ತು, ಮಾತು ಒಳಗ ಹೋಗ್ತಿರ್ಲಿಲ್ಲ. ತಪ್ಪಾತು. ಎಲ್ಲಾ ಮತ್ತ ಹೇಳು, ಇವತ್ತು ಕೇಳ್ತೀನಿ. ಇವತ್ತು ನನಗ ಏನ್ ಬೇಕಾದ್ರೂ ಕೇಳಿಸ್ತೈತಿ. ಪಕ್ಕದ ಮನ್ಯಾಗ ಕುಕ್ಕರ್ ಕೂಗಿದ್ದೂ ಕೇಳಿಸ್ತು."

ಗಂಗಾಂಬಿಕಾ ಸಿಟ್ಟಾಗಬೇಕಿತ್ತು. ಅವಳು ಸುಸ್ತಾದವಳಂತೆ ಎದುರಿನ ಕಲ್ಲಿನ ಮೇಲೆ ಕೂತಳು. "ನನಗ ಗೊತ್ತಿತ್ತು. ಹಿಂದಿನ ಬೆಂಚಿನ ಹುಡುಗ್ರು ಹೂಂ ಅನ್ನೋದು ದಿನಾ ಕೇಳ್ತೀನಿ ನಾನು," ಎಂದಳು. "ಮೊದಲು ನೋಡಾಕ ಬಂದವರೆಲ್ಲ ನನಗ ಬುದ್ಧಿ ಹೇಳಾಕ ಬಂದೋರು. ನೌಕರಿ ಬಿಡು ಅನ್ನೋನೊಬ್ಬ, ಟ್ರಾನ್ಸ್‌ಫರ್ ತಗೋ ಅನ್ನೋನೊಬ್ಬ. ನೀವು ಹೂಂ ಅಂದ್ರಿ. ಭಾಳ ಖುಷಿ ಆತು. ಕೇಳಿಸ್ಕೊಳ್ಳದಿದ್ರೂ ನಡೀತೈತಿ, ಅಡ್ಡ ಬರದಿದ್ರ ಸಾಕು ಅಂದ್ಕೊಂಡೆ. ಆಮ್ಯಾಲೆ ನೋಡೋಣು ಅಂತ ಏನೇನೋ ಕೇಳಾಕ ಶುರು ಮಾಡಿದೆ. ಎಲ್ಲಾಕೂ ಹೂಂ. ಒಬ್ಬಾಕಿನಽ ಇದ್ದೀನಿ ಅನ್ನಿಸಾಕತ್ತಿತು. ಫೋನಿಟ್ಟ ಮ್ಯಾಲೆ ಅಳು ಬರ್ತಿತ್ತು."

ಬಸವಕುಮಾರ ಕಲ್ಲಿನ ತುದಿಗೆ ಜರುಗಿ ಕೂತ.

"ಏನೇನ್ ಕೇಳಿದ್ದಿ?"

"ಮೊದಲ ಮಗೂಗೆ ಕ್ರಸ್ಟ್ ಗೇಟ್ ಅಂತ ಹೆಸರಿಡೋಣು ಅಂದಿದ್ದೆ. ಹೊಸಪೇಟಿ ಡ್ಯಾಮಿನ ಗೇಟಿನ ನೆನಪಿಗೆ."

"ನಾನು ಹೂಂ ಅಂದೆನಾ?"

"ಹೆಣ್ಣಾದ್ರೂ ಅದಽನಾ ಅಂತ ಕೇಳಿದೆ. ಅದಕ್ಕೂ ಹೂಂ ಅಂದ್ರಿ. ಮೀಸಿ ಬೋಳಿಸ್ತೀರಿ. ಆರತಕ್ಷತೀಗೆ ಹರಿಗೋಲಿನ್ಯಾಗ ನಿಂತ್ಕೊಂಡು ಬರ್ತೀರಿ, ತಲಿ ಮ್ಯಾಲೆ ಬಾಳಿಗೊನಿ ಇಟ್ಕೊಂಡು. ಹನಿಮೂನಿಗೆ ನಿಮ್ಮವ್ವನ್ನೂ ನಮ್ಮಪ್ಪನ್ನೂ ಕರ್ಕೊಂಡು ಹೋಗ್ತೀರಿ."

"ಇದೆಲ್ಲ ಬ್ಯಾಡ," ಎಂದ ಬಸವಕುಮಾರ ಗಾಬರಿಯಿಂದ. "ಬಾಳಿಗೊನಿ ಬೇಕಾದ್ರ ನೋಡೋಣು. ಇನ್ನ ಖರೇವು ಹೇಳು."

ಅವಳು ನಗಲಿಲ್ಲ. "ಖರೇವು ಎರಡು. ನಾನು ಬಂಡ್ರಿ ಸಾಲಿ ಬಿಡಂಗಿಲ್ಲ."

"ಬಿಡಬ್ಯಾಡ."

"ಮದುವಿ ಆದ ಮ್ಯಾಲೆ ಸಂಡೂರಾಗಽ ಇರೋಣು. ನೀವು ಇಲ್ಲಿಂದ ದಿನಾ ಕಂಪ್ಲಿಗೆ ಓಡಾಡ್ರಿ."

ಬಸವಕುಮಾರ ಇದರ ಮೇಲೆ ಗಮನವಿಟ್ಟ. ದಿನವಿಡೀ ಕುಡಿದದ್ದೆಲ್ಲ ಒಟ್ಟಾಗಿ ಅದೊಂದೇ ಮಾತಿನ ಸುತ್ತ ನಿಂತಿತು. ಗಿರಣಿಗೆ ಭತ್ತದ ಲಾರಿ ಬರುವುದು ಕತ್ತಲು ಹರಿಯುವ ಮೊದಲೇ. ಸಂಡೂರಿನಿಂದ ಆ ಹೊತ್ತಿಗೆ ಕಂಪ್ಲಿ ಮುಟ್ಟಬೇಕಾದರೆ ಮಲಗುವುದನ್ನೇ ಬಿಡಬೇಕು. ಇಲ್ಲ ಎಂದರೆ ಅವಳು ಹೋಗಿಬಿಡುತ್ತಾಳೆ. ಹೂಂ ಎಂದರೆ ಉಳಿಯುತ್ತಾಳೆ, ಆಮೇಲೆ ವರ್ಷಗಟ್ಟಲೆ ಅವನ ಸುಳ್ಳನ್ನು ಕೇಳುತ್ತ ಉಳಿಯುತ್ತಾಳೆ. ಅವನಿಗೆ ಬಾಯಿ ಒಣಗಿತು, ಅಷ್ಟೆಲ್ಲ ಕುಡಿದಿದ್ದರೂ.

"ಇಲ್ಲ," ಎಂದ. "ಅದು ನನ್ನ ಕೈಲಿ ಆಗಂಗಿಲ್ಲ, ಗಂಗಾ. ವಾರಕ್ಕೊಂದಿನ ಮಾಡೇನು, ದಿನಾ ಆಗಂಗಿಲ್ಲ. ಹೂಂ ಅಂದ್ರ ಸುಳ್ಳಾಗ್ತೈತಿ."

ಒಳಗೆ ಹುಲುಗೇಶ್ ಕೊಟ್ರಯ್ಯನವರಿಗೆ ಕ್ರೇನಿನ ಕೆಲಸ ವಿವರಿಸುತ್ತಿದ್ದದ್ದು ಕೇಳುತ್ತಿತ್ತು. ಗಂಗಾಂಬಿಕಾ ಕರಿಬೇವಿನ ಎಲೆಯೊಂದನ್ನು ಹರಿದು ಹರಿದು ಚೂರು ಮಾಡಿದಳು.

"ಹೊಸಪೇಟಿ ಆದ್ರ?" ಎಂದಳು ಕೊನೆಗೆ. "ನಾನು ಈ ಕಡಿ ಬಸ್ಸು, ನೀವು ಆ ಕಡಿ ಬಸ್ಸು."

"ಲಾರಿ ಇಳಿಸಾಕ ಅವ್ವನ್ನ ನಿಲ್ಲಿಸ್ಬೇಕಾಗ್ತೈತಿ. ಆಕಿಗೆ ಕೇಳ್ತೀನಿ. ಒಪ್ಪಿದ್ರ ಹೊಸಪೇಟಿ," ಎಂದ ಅವನು. "ಆದ್ರ ಸೋದರತ್ತಿ ಮನಿ ಹತ್ರ ಬ್ಯಾಡ. ಇವತ್ತು ಅಲ್ಲಿ ಸ್ವಲ್ಪ ಗದ್ದಲ ಆಗೈತಿ."

ಆಗ ಅವಳು ನಕ್ಕಳು. ಬಹಳ ಹೊತ್ತು ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಅವನ ಅದುರುವ ರೆಪ್ಪೆಯನ್ನು ಬಗ್ಗಿ ನೋಡಿದಳು. "ಎಷ್ಟು ಚಾ ಕುಡದೀರಿ?" ವಿಜ್ಞಾನದ ಟೀಚರಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ? ಅವನು ಎಲ್ಲವನ್ನೂ ಹೇಳಿದ. ಅವಳ ನಗು ನಿಧಾನಕ್ಕೆ ಇಳಿಯಿತು.

"ಹಂಗಾದ್ರ ಇವತ್ತು ಮಾತಾಡಿದ್ದು ನೀವೋ, ಚಾ ಮಾತಾಡ್ತೋ? ದಿನಾ ಇಷ್ಟು ಕುಡದು ನನ್ನ ಮಾತು ಕೇಳಾಕ ಆಗ್ತೈತಾ?" ಎಂದಳು. "ನಾಳಿ ಒಂದಿನ ಬಿಟ್ಟು ನಾಡಿದ್ದು ಬೆಳಿಗ್ಗಿ ಫೋನ್ ಮಾಡ್ತೀನಿ. ಒಂದು ಗುಟುಕೂ ಕುಡೀದಽ ಮಾತಾಡ್ರಿ. ಅವಾಗ ಹೇಳ್ತೀನಿ ನಾನು."

ಆ ರಾತ್ರಿ ಬಸವಕುಮಾರ ಲಾರಿ ಇಳಿಸಿಕೊಳ್ಳಲು ಅವ್ವನನ್ನು ಒಪ್ಪಿಸಿದ, ಕಣ್ಣು ಮಾತ್ರ ಮುಚ್ಚಲಿಲ್ಲ. ಮರುದಿನವಿಡೀ ಬಿದ್ದುಕೊಂಡು ನಿದ್ದೆ ಮಾಡಿದ. ಅದರ ನಡುವೆ ಪಂಪಮ್ಮನಿಗೆ ಸೋದರತ್ತೆಯ ಫೋನ್ ಬಂದು ಡಬರಿಯ ಇತ್ಯರ್ಥವೂ ಆಯಿತು. ಪಂಪಮ್ಮ ಮಗನನ್ನು ಎಬ್ಬಿಸಿ ಬೈದು, ಅವನಿಗೆ ಕೇಳಿಸುತ್ತಿಲ್ಲವೆಂದು ಕಂಡು, ಮತ್ತೆ ಮಲಗಿಸಿದಳು. ಅವನು ಮತ್ತೆ ಮೊದಲಿನಂತಾದನೆಂದು ಆಕೆಗೆ ಅಳುವೇ ಬಂತು.

ಅದರ ಮರುದಿನ ಬೆಳಿಗ್ಗೆ ಫೋನ್ ಬಂದಾಗ ಅವನು ಗಿರಣಿ ಕಟ್ಟೆಯ ಮೇಲೆ ಕೂತಿದ್ದ. ತಲೆಯೊಳಗೆ ಹತ್ತಿ ತುಂಬಿದಂತಿತ್ತು. ಪಂಪಮ್ಮ ಕದ್ದು ಚಾ ತಂದು ಮುಂದೆ ಹಿಡಿದಳು. ಅವನು ಕೈಯಿಂದ ಲೋಟವನ್ನು ಸರಿಸಿದ.

"ಹೊಸಪೇಟ್ಯಾಗ ನಮ್ಮ ಟೀಚರೊಬ್ರು ಒಂದು ಮನಿ ಐತಿ ಅಂದಾರ," ಎಂದಳು ಗಂಗಾಂಬಿಕಾ, ಅವಸರವಿಲ್ಲದೆ. "ಬಸ್ ಸ್ಟ್ಯಾಂಡಿಗೆ ಹತ್ರ. ಗಾಳಿ ಬೆಳಕು ಚಲೋ. ಹಿಂದ ಕರಿಬೇವು ಹಾಕಾಕ ಜಾಗ ಐತಿ. ಮ್ಯಾಲಿನ ಮನಿ, ನೀರು ಮಾತ್ರ ಮ್ಯಾಲೆ ಏರಂಗಿಲ್ಲ, ಕೆಳಗಿಂದ ಕೊಡದಾಗ ತರಬೇಕು. ಹಿಡಿಯೋಣು ಅಂತೀನಿ."

ಅವಳ ದನಿಯ ಹಿತ ಎಂದಿನಂತೆ ಮೈಮೇಲೆ ಬಂತು. ಗಾಳಿ ಬೆಳಕಿನ ಮಾತು ಬರುವ ಹೊತ್ತಿಗೇ ಬಸವಕುಮಾರನ ಕಣ್ಣೆವೆ ಭಾರವಾಗಿತ್ತು. ಅವನು ಎದ್ದು ನಿಂತ. ಕಟ್ಟೆಯಿಂದ ಇಳಿದು, ಅಂಗಳದ ನಲ್ಲಿಯ ಕೆಳಗೆ ತಲೆಯೊಡ್ಡಿ, ತೊಟ್ಟಿಕ್ಕುವ ಕೂದಲಿನ ನಡುವೆ ಫೋನನ್ನು ಕಿವಿಗೆ ಒತ್ತಿಕೊಂಡು ಉಳಿದ ಮಾತನ್ನೆಲ್ಲ ಕೇಳಿದ. ಮಾತು ಮುಗಿಸಿ ಅವಳು ಉತ್ತರಕ್ಕೆ ಕಾದಳು.

"ನೀರು ಏರಂಗಿಲ್ಲಂದ್ರ ಆ ಮನಿ ಬ್ಯಾಡ," ಎಂದ. "ಬೆಳಿಗ್ಗಿ ನಾ ಮೊದಲು ಹೋಗ್ತೀನಿ, ಆಮ್ಯಾಲೆ ಕೊಡ ಹೊರಾಕಿ ನೀನಽ ಆಗ್ತಿ. ನೀನು ಹೊತ್ತು ಬಂಡ್ರಿಗೆ ಬ್ಯಾರೆ ಹೋಗಬೇಕಲ್ಲ. ಬ್ಯಾರೆ ಮನಿ ನೋಡೋಣು."

ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು ಬಂತು. ಆಮೇಲೆ ಅವಳು ಹೇಳಿದಳು, "ಸಂಜಿ ಹೊಸಪೇಟಿಗೆ ಬರ್ರಿ. ಇಬ್ರೂ ಕೂಡೇ ನೋಡೋಣು."